ಕುಕ್ಕರಿನಲ್ಲಿ ಕಾರ್ಬನ್ ಡಾಟ್, ಹಳೇ ಕ್ಯಾಲ್ಕುಲೇಟರಿನಲ್ಲಿ ಸೋಲಾರ್ ಸೆಲ್: ಕಿತ್ತಳೆ ರಸದಿಂದ ಮನೆಯಲ್ಲೇ ಮಾಡುವ ಪ್ರಯೋಗ

ಡಿಸೆಂಬರಿನಲ್ಲಿ ಊರಿಗೆ ಹೋದರೆ ನನಗೆ ಎರಡು ಕೆಲಸ. ಹಗಲು ಅಮ್ಮನ ಜೊತೆ ಕಣದಲ್ಲಿ ಕಾಫಿ ಹಣ್ಣು ಹರಡುವುದು, ರಾತ್ರಿ ಅಣ್ಣನ ಮಗಳ ಪ್ರಶ್ನೆಗಳಿಗೆ ಉತ್ತರ ಹೇಳುವುದು. ಮಾದಾಪುರದ ಹತ್ತಿರ ನಮ್ಮದೊಂದು ಚಿಕ್ಕ ತೋಟ ಇದೆ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕ್ವಾಂಟಂ ಡಾಟ್ ಎಂಬ ಅತಿ ಚಿಕ್ಕ ಹೊಳೆಯುವ ಕಣಗಳು ಮತ್ತು ಸೋಲಾರ್ ಸೆಲ್ ಮೇಲೆ ಸಂಶೋಧನೆ ಮಾಡುತ್ತೇನೆ. ಹೋದ ಸಲ ಅವಳು ಕೇಳಿದಳು: "ಅತ್ತೆ, ನೀವು ಅಲ್ಲಿ ಮಾಡೋದನ್ನ ನಮ್ಮನೇಲಿ ಮಾಡಕ್ಕಾಗಲ್ವಾ?"

ನಾನು ಒಂದು ನಿಮಿಷ ಯೋಚಿಸಿದೆ. ಲ್ಯಾಬಿನಲ್ಲಿ ನಾವು ಬಳಸುವ ಡಾಟ್‌ಗಳಲ್ಲಿ ಸೀಸ ಇದೆ, ಕೆಲವದರಲ್ಲಿ ಕ್ಯಾಡ್ಮಿಯಂ ಇದೆ. ಎರಡೂ ವಿಷ, ಅದನ್ನು ಮನೆಯೊಳಗೆ ತರುವ ಮಾತೇ ಇಲ್ಲ. ನಮ್ಮ ತೋಟದ ಕೆಳಗೆ ಹರಿಯುವ ತೋಡಿನ ನೀರು ಕೊನೆಗೆ ಹಾರಂಗಿಗೆ ಹೋಗುತ್ತದೆ, ಅಲ್ಲಿಂದ ಕಾವೇರಿಗೆ. ಆದರೆ ಮುಖ್ಯವಾಗಿ ಇಂಗಾಲದಿಂದ ಆಗುವ, ಕಾರ್ಬನ್ ಡಾಟ್ ಎಂಬ ಡಾಟ್‌ಗಳೂ ಇವೆ. ಅವನ್ನು ಕಿತ್ತಳೆ ರಸದಿಂದಲೇ ಮಾಡಬಹುದು ಎಂದು 2012ರಲ್ಲಿ ನಮ್ಮ ದೇಶದ ಸಂಶೋಧಕರೇ ತೋರಿಸಿದ್ದಾರೆ. ಬುಟ್ಟಿಯಲ್ಲಿ ಕಿತ್ತಳೆ ಇತ್ತು. ಅಮ್ಮನ ಹಳೇ ಕುಕ್ಕರ್ ಇತ್ತು. ಮಾರನೇ ದಿನವೇ ಶುರು ಮಾಡಿದೆವು.

ನಾವು ಮಾಡಿದ್ದನ್ನು ನೀವೂ ಮಾಡುವಂತೆ ಇಲ್ಲಿ ಬರೆಯುತ್ತಿದ್ದೇನೆ. ಹೈಸ್ಕೂಲ್ ಮಕ್ಕಳು ಮಾಡಬಹುದು, ಆದರೆ ಒಲೆಯ ಹತ್ತಿರ ದೊಡ್ಡವರು ಇರಲೇಬೇಕು. ಒಂದು ದಿನ ಮತ್ತು ಎರಡು ರಾತ್ರಿ ಬೇಕು.

ಇದೇನು ಅಂತ ಮೊದಲು ತಿಳಿದುಕೊಳ್ಳಿ

ಕ್ವಾಂಟಂ ಡಾಟ್ ಅಂದರೆ ಕೆಲವೇ ನ್ಯಾನೊಮೀಟರ್ ಅಗಲದ ಕಣ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೊಮೀಟರ್. ಇಷ್ಟು ಚಿಕ್ಕ ಕಣದೊಳಗೆ ಎಲೆಕ್ಟ್ರಾನಿಗೆ ಓಡಾಡಲು ಜಾಗ ಸಾಲದು. ಜಾಗ ಕಡಿಮೆಯಾದಷ್ಟೂ ಅದರ ಶಕ್ತಿ ಏರುತ್ತದೆ, ಹೊರಗೆ ಬರುವ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ. ಹುತ್ತರಿಯಲ್ಲಿ ಮನೆಮನೆಗೆ ಹಾಡುತ್ತಾ ಬರುವವರ ಕೈಯಲ್ಲಿ ದುಡಿ ನೋಡಿದ್ದೀರಲ್ವಾ? ಪುಟ್ಟದು, ಅದಕ್ಕೇ ಅದರ ದನಿ ಚುರುಕು, ಏರು. ಡೊಳ್ಳು ದೊಡ್ಡದು, ಅದರ ದನಿ ತಗ್ಗು. ಡಾಟ್ ಕೂಡ ಹಾಗೇ. ಕ್ಯಾಡ್ಮಿಯಂ ಸೆಲೆನೈಡ್ ಎಂಬ ಒಂದೇ ವಸ್ತು, 2 ನ್ಯಾನೊಮೀಟರಿನ ಕಣವಾದರೆ ನೀಲಿಯಾಗಿ ಹೊಳೆಯುತ್ತದೆ, 6 ನ್ಯಾನೊಮೀಟರಿನದಾದರೆ ಕೆಂಪಾಗಿ. ವಸ್ತುವನ್ನು ಬದಲಿಸದೆ ಅಳತೆಯನ್ನಷ್ಟೇ ಬದಲಿಸಿ ಬಣ್ಣ ಬದಲಿಸಬಹುದು ಅನ್ನುವುದೇ ಇಲ್ಲಿಯ ವಿಶೇಷ.

ಇದನ್ನು ಗಾಜಿನೊಳಗೆ ಮೊದಲು ಕಂಡವರು ಅಲೆಕ್ಸೈ ಎಕಿಮೊವ್, 1980ರ ದಶಕದ ಶುರುವಿನಲ್ಲಿ. ದ್ರವದೊಳಗೆ ಕಂಡವರು ಲೂಯಿ ಬ್ರುಸ್. ಒಂದೇ ಅಳತೆಯ ಕಣಗಳನ್ನು ಬೇಕಾದ ಹಾಗೆ ಬೆಳೆಸುವ ದಾರಿಯನ್ನು 1993ರಲ್ಲಿ ತೋರಿಸಿದವರು ಮೌಂಗಿ ಬವೆಂಡಿ. ಮೂವರಿಗೂ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಕಾರ್ಬನ್ ಡಾಟ್ ಕಥೆ ಬೇರೆ. 2004ರಲ್ಲಿ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ತೆಳು ಕೊಳವೆ) ಶುದ್ಧ ಮಾಡುತ್ತಿದ್ದವರಿಗೆ ಅದು ಆಕಸ್ಮಿಕವಾಗಿ ಸಿಕ್ಕಿತು. ಇದರ ಬಣ್ಣ ಅಳತೆಯನ್ನು ಮಾತ್ರ ನಂಬಿಕೊಂಡಿಲ್ಲ, ಕಣದ ಮೈಮೇಲೆ ಏನು ಅಂಟಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಸೋಲಾರಿಗೂ ಇದಕ್ಕೂ ಏನು ಸಂಬಂಧ? ಎರಡು ದಾರಿ ಇವೆ. ಡಾಟ್‌ಗಳಿಂದಲೇ ಸೆಲ್ ಮಾಡುವುದು ಒಂದು. ಅದರ ದೃಢಪಟ್ಟ ದಕ್ಷತೆ, ಅಂದರೆ ಬಿದ್ದ ಬೆಳಕಿನ ಶಕ್ತಿಯಲ್ಲಿ ವಿದ್ಯುತ್ ಆಗುವ ಪಾಲು, ಈಗಾಗಲೇ 18.1 ಶೇಕಡಾ ಮುಟ್ಟಿದೆ, ಆದರೆ ಅದು ಉಗುರಿಗಿಂತ ಚಿಕ್ಕ ಸೆಲ್‌ಗಳಲ್ಲಿ. ಎರಡನೆಯದು, ಡಾಟ್‌ಗಳನ್ನು ಗಾಜಿನೊಳಗೆ ಹರಡಿ ಬೆಳಕು ಹಿಡಿಯುವುದು. ಡಾಟ್ ಬೆಳಕನ್ನು ನುಂಗಿ ಬೇರೆ ಬಣ್ಣದಲ್ಲಿ ಎಲ್ಲಾ ದಿಕ್ಕಿಗೂ ಬಿಡುತ್ತದೆ. ಅದರಲ್ಲಿ ಜಾಸ್ತಿ ಪಾಲು ಗಾಜಿನ ಒಳಮೈಗೆ ಓರೆಯಾಗಿ ಬಡಿದು ಹೊರಗೆ ಹೋಗಲಾರದೆ ಒಳಗೇ ಪುಟಿಯುತ್ತಾ ಅಂಚಿಗೆ ಬರುತ್ತದೆ. ಲೆಕ್ಕ ಹಾಕಿದರೆ ಗಾಜಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಹೀಗೆ ಸಿಕ್ಕಿಬೀಳುತ್ತದೆ, ನೀರಿನಲ್ಲಿ ಮೂರರಲ್ಲಿ ಎರಡು. ಅಂಚಿನಲ್ಲಿ ಒಂದು ಪಟ್ಟಿ ಸೋಲಾರ್ ಸೆಲ್ ಇಟ್ಟರೆ ಸಾಕು.

ನನಗೆ ಈ ಎರಡನೇ ದಾರಿ ಇಷ್ಟ, ಅದಕ್ಕೆ ಕಾರಣ ನಮ್ಮೂರು. ಮಸೂರ ಇಟ್ಟು ಬೆಳಕು ಒಟ್ಟುಮಾಡಬೇಕಾದರೆ ನೇರ ಬಿಸಿಲು ಬೇಕು, ಸೂರ್ಯನ ಹಿಂದೆ ತಿರುಗುತ್ತಿರಬೇಕು. ಈ ಗಾಜಿಗೆ ಅದು ಬೇಡ. ಮೋಡದಿಂದ, ಮಂಜಿನಿಂದ, ಮರದ ನೆರಳಿನಿಂದ ಸೋಸಿ ಬರುವ ಬೆಳಕನ್ನೂ ಅದು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು ಅಪರೂಪವಾಗುವ ಊರಿನವಳಿಗೆ ಇದು ಬರೀ ಲ್ಯಾಬಿನ ವಿಷಯ ಅಲ್ಲ.

ನಾವು ಮಾಡುವುದು ಆ ಗಾಜಿನ ಒಂದು ಮಾದರಿ: ಒಂದು ಪಾರದರ್ಶಕ ಡಬ್ಬಿ, ಒಳಗೆ ಕಿತ್ತಳೆಯ ಡಾಟ್, ಅಂಚಿನಲ್ಲಿ ಸೆಲ್.

ಸಾಮಾನು

ನಾಟಿ ಕಿತ್ತಳೆ ನಾಲ್ಕೈದು. ಕೊಡಗಿನ ಕಿತ್ತಳೆ ಸಿಕ್ಕರೆ ಒಳ್ಳೆಯದು, ಸಿಪ್ಪೆ ಸಡಿಲ ಇರುವುದರಿಂದ ತೊಳೆ ಬಿಡಿಸುವುದು ಸುಲಭ. ಅಂಗಡಿಯ ಪ್ಯಾಕೆಟ್ ಜ್ಯೂಸ್ ಬೇಡ, ಅದರಲ್ಲಿ ಬಣ್ಣ, ಸಕ್ಕರೆ ಸೇರಿರಬಹುದು.

ಕುಕ್ಕರ್, ಅದರೊಳಗೆ ಹಿಡಿಯುವ ಎರಡು ಸ್ಟೀಲ್ ಲೋಟ, ಮುಚ್ಚಲು ಚಿಕ್ಕ ತಟ್ಟೆಗಳು. ಗಾಜಿನ ಬಾಟಲಿ ಕುಕ್ಕರಿಗೆ ಬೇಡ, ಬಿಗಿಯಾಗಿ ಮುಚ್ಚಿದ ಯಾವುದೂ ಬೇಡವೇ ಬೇಡ. ಶೋಧಿಸಲು ಮಸ್ಲಿನ್ ಬಟ್ಟೆ ಮತ್ತು ಕಾಫಿ ಫಿಲ್ಟರ್ ಪೇಪರ್.

ನೋಟು ಪರೀಕ್ಷೆ ಮಾಡುವ ಯುವಿ (ಅತಿನೇರಳೆ) ಟಾರ್ಚ್. ಸಾಮಾನ್ಯವಾಗಿ ಸಿಗುವುದು 395 ನ್ಯಾನೊಮೀಟರ್ ತರಂಗಾಂತರದ್ದು, ಅದು ಕಣ್ಣಿಗೆ ನೇರಳೆಯಾಗಿ ಕಾಣುತ್ತದೆ. 365ರದ್ದು ಸಿಕ್ಕರೆ ಇನ್ನೂ ಚೆನ್ನ. ಯಾವುದೇ ಆಗಲಿ, ಕಣ್ಣಿಗೆ ನೇರ ಹಿಡಿಯಬಾರದು, ಮಕ್ಕಳ ಕಡೆ ತಿರುಗಿಸಬಾರದು.

ಅಂಗೈ ಅಗಲದ, ತಳ ಸಪಾಟಾದ ಆಕ್ರಿಲಿಕ್ ಡಬ್ಬಿ. ಹಳದಿ ಜಿಲೆಟಿನ್ ಪೇಪರ್, ಸ್ಕೂಲ್ ಡೇ ಅಲಂಕಾರಕ್ಕೆ ತರುತ್ತಾರಲ್ಲ, ಅದೇ. ಕಪ್ಪು ಬಟ್ಟೆ. ಮಲ್ಟಿಮೀಟರ್, ಮೈಕ್ರೊಆಂಪ್ ಅಳೆಯುವಂಥದ್ದು.

ಸೋಲಾರ್ ಸೆಲ್ಲಿಗೆ ಕೆಟ್ಟುಹೋದ ಕ್ಯಾಲ್ಕುಲೇಟರ್ ಹುಡುಕಿ. ಅದರ ಮೇಲ್ಭಾಗದ ಕಂದು ಪಟ್ಟಿ ಅಮಾರ್ಫಸ್ (ಹರಳಾಗದ) ಸಿಲಿಕಾನಿನದು. ಛಾವಣಿಯ ಪ್ಯಾನೆಲ್ಲಿನ ಸಿಲಿಕಾನಿಗಿಂತ ಇದು ನೀಲಿ, ಹಸಿರು ಬೆಳಕಿಗೆ ಚೆನ್ನಾಗಿ ಹೊಂದುತ್ತದೆ. ನಮ್ಮ ಡಾಟ್ ಬಿಡುವುದೂ ಅದೇ ಬೆಳಕು. ಪಟ್ಟಿಯ ಅಗಲವೂ ಸುಮಾರು ಒಂದು ಸೆಂಟಿಮೀಟರ್, ಡಬ್ಬಿಯ ಅಂಚಿಗೆ ಸರಿಯಾಗಿ ಕೂರುತ್ತದೆ. ಒಂದು ಎಚ್ಚರಿಕೆ: ಕೆಲವು ಅಗ್ಗದ ಕ್ಯಾಲ್ಕುಲೇಟರುಗಳಲ್ಲಿ ಈ ಪಟ್ಟಿ ಬರೀ ತೋರಿಕೆಗೆ ಇರುತ್ತದೆ, ಹಿಂದೆ ತಂತಿಯೇ ಇರುವುದಿಲ್ಲ. ಬಿಚ್ಚಿ ನೋಡಿ. ತಂತಿ ಇದ್ದರೆ ಮಲ್ಟಿಮೀಟರಿಗೆ ಸಿಕ್ಕಿಸಿ ಕಿಟಕಿಯ ಹತ್ತಿರ ಹಿಡಿಯಿರಿ, ಅಂಕಿ ಏರಬೇಕು.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಲ್ಲಾ ಪಾತ್ರೆಗಳನ್ನು ಬರೀ ನೀರಿನಲ್ಲಿ ಐದಾರು ಸಲ ಜಾಲಿಸಿ. ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳುಪಿಗೆ ಹಾಕಿರುವ ವಸ್ತು ಯುವಿಯಲ್ಲಿ ಫಳ್ ಅಂತ ನೀಲಿಯಾಗಿ ಹೊಳೆಯುತ್ತದೆ. ಒಂದು ಚೂರು ಉಳಿದರೂ ಅದನ್ನೇ ಡಾಟ್ ಅಂದುಕೊಂಡುಬಿಡುತ್ತೀರಿ. ಬಿಳಿ ಹಾಳೆ, ಬಿಳಿ ಅಂಗಿ ಕೂಡ ಹೀಗೇ. ಆ ದಿನ ಕಪ್ಪು ಅಂಗಿ ಹಾಕಿಕೊಳ್ಳಿ. ಅರಿಶಿನ ಮುಟ್ಟಿದ ಕೈಯಲ್ಲಿ ಏನೂ ಮುಟ್ಟಬೇಡಿ, ಅರಿಶಿನವೂ ಹಸಿರು ಹಳದಿಯಾಗಿ ಹೊಳೆಯುತ್ತದೆ.

ಬೇಯಿಸುವುದು

ತೊಳೆಯ ಮೇಲಿನ ನಾರು, ಬೀಜ ತೆಗೆದು ರಸ ಹಿಂಡಿ. ಮಸ್ಲಿನ್ ಬಟ್ಟೆಯಲ್ಲಿ ಶೋಧಿಸಿ, ಆಮೇಲೆ ಫಿಲ್ಟರ್ ಪೇಪರಿನಲ್ಲಿ. ಪೇಪರಿನಲ್ಲಿ ತುಂಬಾ ನಿಧಾನ ಇಳಿಯುತ್ತದೆ, ಅವಸರ ಮಾಡಬೇಡಿ. ಕಿತ್ತಳೆ ಬಣ್ಣದ ಜಾಸ್ತಿ ಪಾಲು ತಿರುಳಿಗೇ ಅಂಟಿಕೊಂಡಿರುತ್ತದೆ. ಅದು ಪೇಪರಿನಲ್ಲೇ ಉಳಿದರೆ ಕೆಳಗೆ ತಿಳಿ ಹಳದಿ ರಸ ಬರುತ್ತದೆ.

ಈ ರಸವನ್ನು ಎರಡು ಪಾಲು ಮಾಡಿ. ಒಂದು ಪಾಲು ಫ್ರಿಜ್ಜಿಗೆ. ಅದನ್ನು ಬೇಯಿಸುವುದಿಲ್ಲ. ಇನ್ನೊಂದು ಪಾಲು ಮೊದಲನೇ ಸ್ಟೀಲ್ ಲೋಟಕ್ಕೆ. ಎರಡನೇ ಲೋಟಕ್ಕೆ ಅಷ್ಟೇ ಕುಡಿಯುವ ನೀರು. ಲೋಟದ ಒಳಗೆ ರಸ ಎಲ್ಲಿವರೆಗೆ ಬಂದಿದೆ ಅಂತ ಒಂದು ಕಡ್ಡಿ ಇಳಿಸಿ ಗುರುತು ಮಾಡಿಟ್ಟುಕೊಳ್ಳಿ.

"ಅತ್ತೆ, ಹಸಿ ರಸ ಯಾಕೆ, ನೀರು ಯಾಕೆ ಬೇಯಿಸ್ಬೇಕು? ನಮಗೆ ಬೇಕಾಗಿರೋದು ಒಂದೇ ಲೋಟ ಅಲ್ವಾ?" ಅಂತ ಅವಳು ಕೇಳಿದಳು. ಈ ಇಡೀ ಬರಹದಲ್ಲಿ ನಾನು ಹೇಳಬೇಕಾದ್ದು ಇದೇ. ಬೆಂದ ರಸ ಹೊಳೆಯಿತು ಅಂದರೆ ಅದೊಂದರಿಂದ ಏನೂ ತಿಳಿಯುವುದಿಲ್ಲ. ಹಸಿ ರಸಕ್ಕಿಂತ ಜಾಸ್ತಿ ಹೊಳೆಯಿತಾ? ಅದೇ ಕುಕ್ಕರಿನಲ್ಲಿ ಬೆಂದ ನೀರು ಹೊಳೆಯದೆ ಇತ್ತಾ? ಈ ಎರಡಕ್ಕೂ ಉತ್ತರ ಸಿಕ್ಕಮೇಲೆ ಮಾತ್ರ ಬೇಯಿಸಿದ್ದರಿಂದ ಏನೋ ಹೊಸದು ಹುಟ್ಟಿದೆ ಅನ್ನಬಹುದು. ಹಸಿ ರಸದಲ್ಲೂ ಯುವಿಗೆ ಮಿನುಗುವ ವಸ್ತುಗಳಿವೆ. ಅದಕ್ಕೇ ಜೋಡಿ ಬೇಕು.

ಕುಕ್ಕರಿನ ತಳದಲ್ಲಿ ಎರಡು ಇಂಚು ನೀರು ಹಾಕಿ, ತಟ್ಟೆ ಇಟ್ಟು, ಎರಡೂ ಲೋಟ ನೆಟ್ಟಗೆ ಕೂರಿಸಿ. ಲೋಟದ ಮೇಲೆ ಚಿಕ್ಕ ತಟ್ಟೆ ಸುಮ್ನೆ ಇಡಿ, ಮೇಲಿನಿಂದ ಹಬೆಯ ನೀರು ತೊಟ್ಟಿಕ್ಕದಿದ್ದರೆ ಸಾಕು. ವೆಯಿಟ್ ಹಾಕಿ, ಒಂದು ವಿಸಿಲ್ ಬಂದಮೇಲೆ ಉರಿಯನ್ನು ತುಂಬಾ ಸಣ್ಣ ಮಾಡಿ. ವಿಸಿಲ್ ಕೂಗಬಾರದು, ವೆಯಿಟ್ ಮೆಲ್ಲಗೆ ಉಸಿರಾಡುತ್ತಿರಬೇಕು.

2012ರ ಆ ಸಂಶೋಧಕರು ಬಳಸಿದ್ದು 120 ಡಿಗ್ರಿ, ಎರಡೂವರೆ ಗಂಟೆ. ಅವರು ರಸಕ್ಕೆ ಆಲ್ಕೊಹಾಲ್ ಕೂಡ ಸೇರಿಸಿ, ಪೂರ್ತಿ ಮುಚ್ಚಿದ ಲ್ಯಾಬಿನ ಪಾತ್ರೆಯಲ್ಲಿ ಇಟ್ಟಿದ್ದರು. ಒಲೆಯ ಮೇಲೆ ಆಲ್ಕೊಹಾಲ್ ಹಾಕಿದರೆ ಬೆಂಕಿ ಹತ್ತುತ್ತದೆ. ಅದನ್ನು ಖಂಡಿತ ಮಾಡಬೇಡಿ, ಬರೀ ರಸ ಸಾಕು. ಶಾಖದ ವಿಷಯದಲ್ಲಿ ನಮ್ಮ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರ ಮಟ್ಟದಲ್ಲಿ ಮನೆಯ ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಕಡಿಮೆ, ತೆರೆದ ಪಾತ್ರೆಯಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ. ಕುಕ್ಕರ್ ಒಳಗೂ 118ರ ಆಸುಪಾಸು ನಿಲ್ಲುತ್ತದೆ. ಅದಕ್ಕೆ ನಾನು ಮೂರು ಗಂಟೆ ಇಡಿಸಿದೆ.

ಮೂರು ಗಂಟೆ ಒಂದೇ ಸಮ ಇಡಬೇಡಿ. ಒಂದು ಗಂಟೆ ಆದಮೇಲೆ ಒಲೆ ಆರಿಸಿ, ತಾನಾಗಿ ತಣಿಯಲು ಬಿಡಿ, ತೆಗೆದು ತಳದ ನೀರು ನೋಡಿ, ಕಡಿಮೆಯಾಗಿದ್ದರೆ ತುಂಬಿಸಿ, ಮತ್ತೆ ಹಚ್ಚಿ. ಹೀಗೆ ಮೂರು ಸಲ. ನೀರು ಬತ್ತಿದ ಕುಕ್ಕರ್ ಅಪಾಯ. ಇನ್ನೊಂದು ವಿಷಯ, ವೆಯಿಟ್ ಎತ್ತಿ ಹಬೆ ಬಿಡಬಾರದು. ಒತ್ತಡ ಒಮ್ಮೆಲೇ ಇಳಿದರೆ ಲೋಟದೊಳಗಿನ ರಸ ಉಕ್ಕಿ ತಳದ ನೀರಿಗೆ ಸೇರಿಬಿಡುತ್ತದೆ. ನಮ್ಮ ಮೊದಲ ಲೋಟ ಹೀಗೇ ಹೋಯಿತು.

ಮುಗಿದಾಗ ರಸ ತಿಳಿ ಬೆಲ್ಲದ ಕಾಫಿಯ ಬಣ್ಣಕ್ಕೆ ಬಂದಿರುತ್ತದೆ. ಪರಿಮಳ ಕಿತ್ತಳೆಯದಲ್ಲ, ಕಾಸಿದ ಬೆಲ್ಲದ್ದು. ಮೊದಲಿನ ಗುರುತಿಗಿಂತ ಕೆಳಗೆ ಇಳಿದಿದ್ದರೆ ನೀರು ಸೇರಿಸಿ ಸರಿಮಾಡಿ. ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಟ್ಟು, ಕೆಳಗೆ ಕೂತ ಗಷ್ಟನ್ನು ಅಲ್ಲೇ ಬಿಟ್ಟು, ಮೇಲಿನದನ್ನು ಮತ್ತೆ ಫಿಲ್ಟರ್ ಪೇಪರಿನಲ್ಲಿ ಶೋಧಿಸಿ. ಹಸಿ ರಸವನ್ನೂ ಅದೇ ಥರದ ಪೇಪರಿನಲ್ಲಿ ಇನ್ನೊಮ್ಮೆ ಶೋಧಿಸಿ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೂ ಆಗಬೇಕು.

ಕತ್ತಲೆಯಲ್ಲಿ ನೋಡುವುದು

ರಾತ್ರಿ ಊಟ ಆದಮೇಲೆ ದೀಪ ಆರಿಸಿ. ಕರೆಂಟ್ ಹೋಗಿದ್ದರೆ ಇನ್ನೂ ಒಳ್ಳೆಯದು. ಮೂರು ಗಾಜಿನ ಲೋಟ ಸಾಲಾಗಿ ಕಪ್ಪು ಬಟ್ಟೆಯ ಮೇಲೆ: ಬೆಂದ ನೀರು, ಹಸಿ ರಸ, ಬೆಂದ ರಸ. ಕಣ್ಣಿನ ಮುಂದೆ ಹಳದಿ ಜಿಲೆಟಿನ್ ಪೇಪರ್ ಹಿಡಿದುಕೊಳ್ಳಿ, ಟಾರ್ಚಿನ ನೇರಳೆ ಬೆಳಕು ಅದರಲ್ಲಿ ಬಹುಪಾಲು ನಿಂತುಹೋಗುತ್ತದೆ. ಪಕ್ಕದಿಂದ ಟಾರ್ಚ್ ಹಾಕಿ.

ಮೊದಲು ನಿರಾಸೆ ಆಗಬಹುದು. ಬೆಂದ ರಸದಲ್ಲಿ ಟಾರ್ಚ್ ತಾಗಿದ ಕಡೆ ಗಾಜಿಗೆ ಅಂಟಿದಂತೆ ಒಂದು ತೆಳು ಪೊರೆ ಮಾತ್ರ ಹೊಳೆಯುತ್ತದೆ, ಒಳಗೆಲ್ಲ ಕಪ್ಪು. ಕಾರಣ, ರಸ ತುಂಬಾ ಗಟ್ಟಿ ಇದೆ. ಬೆಳಕು ಒಳಗೆ ಹೋಗುವ ಮೊದಲೇ ಮುಗಿದುಹೋಗುತ್ತದೆ, ಹುಟ್ಟಿದ ಹೊಳಪನ್ನೂ ಆ ಕಂದು ಬಣ್ಣ ನುಂಗುತ್ತದೆ. ಒಂದು ಚಮಚ ರಸಕ್ಕೆ ಹತ್ತು ಚಮಚ ನೀರು ಹಾಕಿ. ಈಗ ಹೊಳಪು ಒಳಗೆ ಸರಿಯುತ್ತದೆ. ಇನ್ನೂ ಹತ್ತು ಚಮಚ. ಅವಳು ಚಮಚದಲ್ಲಿ ಸುರಿಯುತ್ತಿದ್ದ ಹಾಗೇ ಲೋಟದ ಅಂಚಿನಲ್ಲಿದ್ದ ಪೊರೆ ಕರಗಿ ಒಳಗೆ ಹರಡಿತು. ಒಂದು ಹಂತದಲ್ಲಿ ಇಡೀ ಲೋಟ ತಳದಿಂದ ಮೇಲಿನ ತನಕ ತಿಳಿ ಹಸಿರಾಯಿತು, ಮಳೆಗಾಲದ ರಾತ್ರಿ ಮಿಂಚುಹುಳ ಕೂತ ಎಲೆಯ ಹಾಗೆ. ಅಮ್ಮ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತರು. "ಇದು ನಮ್ಮ ಕಿತ್ತಳೆಯದಾ?" ಅಂತ ಕೇಳಿದರು.

ಎಷ್ಟು ನೀರಿಗೆ ಚೆನ್ನಾಗಿ ಹೊಳೆಯಿತೋ ಬರೆದಿಟ್ಟುಕೊಳ್ಳಿ. ಹಸಿ ರಸಕ್ಕೂ ಅಷ್ಟೇ ನೀರು ಹಾಕಿ ಪಕ್ಕದಲ್ಲಿಟ್ಟು ನೋಡಿ. ಬೆಂದದ್ದು ಎದ್ದು ಕಾಣಬೇಕು.

ಸೆಲ್ ಕೂರಿಸಿ ಅಳೆಯುವುದು

ಕಣ್ಣನ್ನು ಅಷ್ಟಾಗಿ ನಂಬಬಾರದು, ಕತ್ತಲೆಗೆ ಅದು ಹೊಂದಿಕೊಂಡುಬಿಡುತ್ತದೆ. ಆದ್ದರಿಂದ ಮೀಟರ್.

ಡಬ್ಬಿಯನ್ನು ಕಪ್ಪು ಬಟ್ಟೆಯ ಮೇಲಿಡಿ. ಒಂದು ಪಕ್ಕದ ಗೋಡೆಗೆ ಹೊರಗಿನಿಂದ ಸೆಲ್ ಪಟ್ಟಿಯನ್ನು ಒಳಮುಖವಾಗಿ ಅಂಟಿಸಿ. ಸೆಲ್ಲಿಗೂ ಗೋಡೆಗೂ ನಡುವೆ ಹಳದಿ ಪೇಪರ್ ತೂರಿಸುವಷ್ಟು ಜಾಗ ಇರಲಿ. ಟಾರ್ಚನ್ನು ಡಬ್ಬಿಯ ಮೇಲಿನಿಂದ ನೇರ ಕೆಳಮುಖವಾಗಿ ಕಟ್ಟಿ. ನಾವು ಎರಡು ಪುಸ್ತಕದ ಗುಡ್ಡೆಗಳ ನಡುವೆ ಒಂದು ಸ್ಕೇಲ್ ಇಟ್ಟು ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಬಿಗಿದೆವು. ಒಮ್ಮೆ ಕಟ್ಟಿದಮೇಲೆ ಟಾರ್ಚನ್ನಾಗಲಿ ಡಬ್ಬಿಯನ್ನಾಗಲಿ ಅಲುಗಿಸಬಾರದು. ದ್ರವವನ್ನು ಸಿರಿಂಜಿನಲ್ಲಿ ಹಾಕಿ, ಸಿರಿಂಜಿನಲ್ಲೇ ತೆಗೆಯಿರಿ. ಪ್ರತಿ ಸಲ ಒಂದೇ ಅಳತೆ, ಸುಮಾರು ಒಂದು ಸೆಂಟಿಮೀಟರ್ ಆಳ.

ಮಲ್ಟಿಮೀಟರನ್ನು ಡಿಸಿ ಕರೆಂಟಿಗೆ, 200 ಮೈಕ್ರೊಆಂಪಿಗೆ ತಿರುಗಿಸಿ. ವೋಲ್ಟೇಜ್ ಅಳೆಯಬೇಡಿ. ಬೆಳಕು ಹತ್ತು ಪಟ್ಟು ಜಾಸ್ತಿಯಾದರೂ ವೋಲ್ಟೇಜ್ ಸ್ವಲ್ಪವೇ ಏರುತ್ತದೆ. ಕರೆಂಟ್ ಹಾಗಲ್ಲ, ಬೆಳಕು ಎರಡು ಪಟ್ಟಾದರೆ ಅದೂ ಹೆಚ್ಚೂಕಡಿಮೆ ಎರಡು ಪಟ್ಟಾಗುತ್ತದೆ.

ಅಳೆಯುವ ಕ್ರಮ ಹೀಗೆ: ನೀರು, ಹಸಿ ರಸ, ಮತ್ತೆ ನೀರು, ಬೆಂದ ರಸ, ಮತ್ತೆ ನೀರು. ಆಮೇಲೆ ತಿರುಗುಮುರುಗು ಇನ್ನೊಮ್ಮೆ. ಪದೇಪದೇ ನೀರು ಯಾಕೆ ಅಂದರೆ, ಟಾರ್ಚಿನ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. ನೀರಿನ ಅಂಕಿ ಮೊದಲಿನಷ್ಟೇ ಬಂದರೆ ಟಾರ್ಚ್ ಸರಿ ಇದೆ ಅಂತ ಅರ್ಥ. ಇಳಿದಿದ್ದರೆ ಬ್ಯಾಟರಿ ಬದಲಿಸಿ ಮೊದಲಿನಿಂದ ಶುರುಮಾಡಬೇಕು.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಪಿಎಚ್‌ಡಿಯ ಎರಡನೇ ವರ್ಷ ನಾನು ಸೋಲಾರ್ ಸೆಲ್‌ಗಳ ಮೇಲೆ ಡಾಟ್ ಪದರ ಹಚ್ಚಿ ಅಳೆಯುತ್ತಿದ್ದೆ. ಬೆಳಗ್ಗೆ ಬರೀ ಸೆಲ್, ಮಧ್ಯಾಹ್ನ ಪದರ ಹಚ್ಚಿದ ಸೆಲ್. ಪ್ರತಿ ದಿನ ಮಧ್ಯಾಹ್ನದ ಕರೆಂಟ್ ಜಾಸ್ತಿ ಬರುತ್ತಿತ್ತು. ಮೂರು ತಿಂಗಳು ಅದನ್ನು ನಂಬಿದೆ, ಮನೆಗೆ ಫೋನ್ ಮಾಡಿ ಹೇಳಿದೆ. ಒಂದು ದಿನ ಕರೆಂಟ್ ಹೋಗಿ ಕ್ರಮ ತಪ್ಪಿತು, ಬರೀ ಸೆಲ್ಲನ್ನು ಮಧ್ಯಾಹ್ನ ಅಳೆಯಬೇಕಾಯಿತು. ಅದರಲ್ಲೂ ಅಷ್ಟೇ ಜಾಸ್ತಿ ಬಂತು. ದೀಪ ಬಿಸಿಯಾದಂತೆ ಅದರ ಬೆಳಕೇ ಏರುತ್ತಿತ್ತು, ನನ್ನ ಡಾಟ್ ಏನೂ ಮಾಡಿರಲಿಲ್ಲ. ಆ ರಾತ್ರಿ ನನಗೆ ಅಳು ಬಂತು. ಮಾರನೇ ದಿನದಿಂದ ಪ್ರತಿ ಅಳತೆಯ ಹಿಂದೆ ಮುಂದೆ ಒಂದು ಖಾಲಿ ಸೆಲ್ ಅಳೆಯುತ್ತೇನೆ. ಹನ್ನೊಂದು ವರ್ಷದಿಂದ ಒಂದು ದಿನವೂ ಬಿಟ್ಟಿಲ್ಲ.

ಹಾಲಿನ ಹನಿ

ಈಗ ಒಂದು ಮುಖ್ಯ ಪರೀಕ್ಷೆ. ಹಳದಿ ಪೇಪರ್ ಇಲ್ಲದೆ ಮೊದಲು ನೀರು ಅಳೆಯಿರಿ. ಆಮೇಲೆ ಆ ನೀರಿಗೆ ಒಂದೇ ಒಂದು ಹನಿ ಹಾಲು ಹಾಕಿ ಕಲಕಿ, ಮತ್ತೆ ಅಳೆಯಿರಿ.

ನಮ್ಮನೆಯಲ್ಲಿ ಅಂಕಿ ಜಿಗಿದುಬಿಟ್ಟಿತು. ಬೆಂದ ರಸವನ್ನೂ ಮೀರಿತು. "ಹಾಲೇ ಗೆದ್ದಿತಲ್ಲ ಅತ್ತೆ!" ಅಂದಳು ಅವಳು, ಮುಖ ಸಪ್ಪೆ ಮಾಡಿಕೊಂಡು. ಮೂರು ಗಂಟೆ ಕುಕ್ಕರ್ ಕಾದವಳು ಪಾಪ. ಹಾಲಿನಲ್ಲಿ ಡಾಟ್ ಇಲ್ಲ. ಅದರ ಕೊಬ್ಬಿನ ಹನಿಗಳು ಮೇಲಿನಿಂದ ಬಂದ ನೇರಳೆ ಬೆಳಕನ್ನು ಹಾಗೇ ಪಕ್ಕಕ್ಕೆ ಚದುರಿಸಿದವು, ಸೆಲ್ ಅದನ್ನು ಎಣಿಸಿತು. ಅಷ್ಟಾದರೆ ನಮ್ಮ ಬೆಂದ ರಸದಲ್ಲೂ ಬರೀ ಗಷ್ಟು ಬೆಳಕು ಚದುರಿಸಿಲ್ಲ ಅಂತ ಹೇಗೆ ಹೇಳುವುದು?

ಸೆಲ್ಲಿನ ಮುಂದೆ ಹಳದಿ ಪೇಪರ್ ತೂರಿಸಿ, ಎರಡು ಮಡಿಕೆ. ಚದುರಿದ ಬೆಳಕಿನ ಬಣ್ಣ ಬದಲಾಗುವುದಿಲ್ಲ, ಅದು ಇನ್ನೂ ನೇರಳೆಯೇ, ಪೇಪರಿನಲ್ಲಿ ನಿಲ್ಲುತ್ತದೆ. ಡಾಟ್ ನುಂಗಿ ಬಿಟ್ಟ ಬೆಳಕು ಹಸಿರಿಗೆ ಸರಿದಿದೆ, ಅದು ದಾಟುತ್ತದೆ. ಪೇಪರ್ ಹಾಕಿ ಅಳೆದಾಗ ಹಾಲಿನ ಅಂಕಿ ನೀರಿನ ಹತ್ತಿರಕ್ಕೆ ಬಿತ್ತು. ಬೆಂದ ರಸದ್ದು ಇಳಿಯಿತು, ಆದರೆ ನಿಂತಿತು. ಅವಳು ಪೇಪರನ್ನು ತೆಗೆದು ಹಾಕಿ, ತೆಗೆದು ಹಾಕಿ, ಆರು ಸಲ ನೋಡಿದಳು. ನಾನು ಸುಮ್ಮನೆ ಕೂತಿದ್ದೆ. ಲ್ಯಾಬಿಗೆ ಹೊಸದಾಗಿ ಬರುವವರಿಗೂ ಇಷ್ಟು ಚೆನ್ನಾಗಿ ಇದನ್ನು ತೋರಿಸಲು ನನಗೆ ಆಗಿರಲಿಲ್ಲ.

ನಮ್ಮ ಅಂಕಿಗಳನ್ನು ಇಲ್ಲಿ ಕೊಡುತ್ತಿಲ್ಲ. ನಿಮ್ಮ ಟಾರ್ಚ್ ಬೇರೆ, ಸೆಲ್ ಬೇರೆ, ಹಣ್ಣು ಬೇರೆ. ನೋಡಬೇಕಾದ್ದು ಕ್ರಮ: ಪೇಪರ್ ಇದ್ದಾಗ ನೀರು ಎಲ್ಲಕ್ಕಿಂತ ಕೆಳಗೆ, ಹಸಿ ರಸ ಅದರ ಮೇಲೆ, ಬೆಂದ ರಸ ಎಲ್ಲಕ್ಕಿಂತ ಮೇಲೆ.

ಸಮಯ ಇದ್ದರೆ ಇನ್ನೊಂದು ಮಾಡಿ. ಟಾರ್ಚನ್ನು ಸೆಲ್ಲಿನಿಂದ ಒಂದೊಂದೇ ಸೆಂಟಿಮೀಟರ್ ದೂರ ಸರಿಸುತ್ತಾ ಅಳೆಯಿರಿ. ದೂರ ಹೋದಂತೆ ಕರೆಂಟ್ ಇಳಿಯುತ್ತದೆ. ರಸ ಗಟ್ಟಿ ಇದ್ದರೆ ಬೇಗ ಇಳಿಯುತ್ತದೆ, ಯಾಕಂದರೆ ದಾರಿಯಲ್ಲಿ ರಸವೇ ಆ ಬೆಳಕನ್ನು ಮತ್ತೆ ನುಂಗುತ್ತದೆ. ಅಂಗೈ ಅಗಲದ ಡಬ್ಬಿಯಲ್ಲೇ ಹೀಗಾದರೆ ಕಿಟಕಿಯ ಅಗಲದ ಗಾಜಿನಲ್ಲಿ ಏನಾಗಬೇಡ! ಈ ಕ್ಷೇತ್ರದ ದೊಡ್ಡ ತೊಡಕು ಇದು. ನುಂಗುವ ಬಣ್ಣಕ್ಕೂ ಬಿಡುವ ಬಣ್ಣಕ್ಕೂ ಅಂತರ ಜಾಸ್ತಿ ಇರುವ ಡಾಟ್ ಬೇಕು. 2015ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಮತ್ತು ಇಟಲಿಯ ಮಿಲಾನಿನ ಸಂಶೋಧಕರು ಸೀಸ, ಕ್ಯಾಡ್ಮಿಯಂ ಎರಡೂ ಇಲ್ಲದ ಅಂಥ ಡಾಟ್‌ಗಳನ್ನು ಪ್ಲಾಸ್ಟಿಕ್ ಫಲಕದೊಳಗೆ ಹಾಕಿ ತೋರಿಸಿದರು.

ಏನು ಹೇಳಬಹುದು, ಏನು ಹೇಳಬಾರದು

ಇದರಿಂದ ಮೊಬೈಲ್ ಚಾರ್ಜ್ ಆಗುತ್ತದಾ ಅಂತ ಅಣ್ಣ ಕೇಳಿದ. ಆಗುವುದಿಲ್ಲ. ನೆಲಕ್ಕೆ ತಲುಪುವ ಸೂರ್ಯನ ಶಕ್ತಿಯಲ್ಲಿ ಯುವಿಯ ಪಾಲು 5 ಶೇಕಡಾ ಆಸುಪಾಸು ಮಾತ್ರ. ಕಿತ್ತಳೆಯ ಡಾಟ್ ನುಂಗುವುದು ಅದನ್ನು ಮತ್ತು ಸ್ವಲ್ಪ ನೀಲಿಯನ್ನು. ಆ 2012ರ ಕೆಲಸದಲ್ಲೇ ನೂರು ಬೆಳಕಿನ ಕಣ ನುಂಗಿದರೆ 26 ಮಾತ್ರ ಹೊರಗೆ ಬಂದವು, ಕುಕ್ಕರಿನದು ಅದಕ್ಕಿಂತ ಕಡಿಮೆಯೇ ಇರುತ್ತದೆ. ಮನೆಗೆ ಸೋಲಾರ್ ಹಾಕಿಸುವುದಾದರೆ ಇವತ್ತಿಗೆ ಸಿಲಿಕಾನ್ ಪ್ಯಾನೆಲ್ಲೇ ಹಾಕಿಸಿ. ಡಾಟ್ ಹೆಸರು ಹೇಳಿ ಯಾರಾದರೂ ಛಾವಣಿಯ ಪ್ಯಾನೆಲ್ ಮಾರಲು ಬಂದರೆ ದುಡ್ಡು ಕೊಡಬೇಡಿ.

ಹೊಳೆದದ್ದೆಲ್ಲ ಡಾಟ್ ಅಂತಲೂ ಹೇಳುವ ಹಾಗಿಲ್ಲ. ರಸ ಬೇಯುವಾಗ ಹೊಳೆಯುವ ಚಿಕ್ಕ ಅಣುಗಳೂ ಹುಟ್ಟಬಹುದು. ಲ್ಯಾಬಿನಲ್ಲಿ ನಾವು ದ್ರವವನ್ನು ತೆಳು ಪೊರೆಯ ಚೀಲದಲ್ಲಿ ಕಟ್ಟಿ ನೀರಿನಲ್ಲಿ ದಿನಗಟ್ಟಲೆ ತೇಲಿಬಿಡುತ್ತೇವೆ. ಅಣು ಪೊರೆ ದಾಟಿ ಹೊರಗೆ ಬರುತ್ತದೆ, ಡಾಟ್ ಒಳಗೇ ಉಳಿಯುತ್ತದೆ. ಎಷ್ಟೋ ಸಲ ಹೊಳಪೆಲ್ಲ ಹೊರಗಿನ ನೀರಿಗೆ ಬಂದು ಚೀಲ ಮಂಕಾಗಿರುತ್ತದೆ. ಹಾಗಾದಾಗ ಬೇಜಾರಾಗುತ್ತದೆ, ಆದರೂ ಬರೆದುಕೊಳ್ಳಬೇಕು. ಕಣವನ್ನು ಕಣ್ಣಾರೆ ಕಾಣಬೇಕಾದರೆ ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಬೇಕು. ನಾನು ನಮ್ಮ ರಸದ ಒಂದು ಚಿಕ್ಕ ಬಾಟಲಿ ಬೆಂಗಳೂರಿಗೆ ತಂದಿದ್ದೇನೆ, ಮೈಕ್ರೊಸ್ಕೋಪಿನ ಸರದಿಗೆ ಕಾಯುತ್ತಿದ್ದೇನೆ. ಅಲ್ಲಿಯ ತನಕ ಅವಳ ನೋಟ್‌ಬುಕ್ಕಿನಲ್ಲಿ "ಬೆಂದ ರಸದಲ್ಲಿ ಹಸಿ ರಸಕ್ಕಿಂತ ಜಾಸ್ತಿ ಹೊಳೆಯುವ ಏನೋ ಇದೆ" ಅಂತ ಮಾತ್ರ ಬರೆಸಿದ್ದೇನೆ. "ಡಾಟ್" ಅನ್ನುವ ಪದದ ಜಾಗ ಖಾಲಿ ಬಿಟ್ಟಿದ್ದಾಳೆ.

ನಿಮ್ಮಲ್ಲಿ ಬೆಂದದ್ದೂ ಹಸಿಯೂ ಒಂದೇ ಥರ ಬಂದರೆ ಮೊದಲು ಇನ್ನಷ್ಟು ನೀರು ಬೆರೆಸಿ ನೋಡಿ. ಆಮೇಲೆ ಮತ್ತೊಂದು ಗಂಟೆ ಬೇಯಿಸಿ. ಬೆಂದ ನೀರೇ ಹೊಳೆದರೆ ಪಾತ್ರೆಯಲ್ಲಿ ಸೋಪು ಇದೆ, ಎಲ್ಲಾ ತೊಳೆದು ಮೊದಲಿನಿಂದ ಮಾಡಿ.

ಉಳಿದ ರಸವನ್ನು ಕುಡಿಯಬೇಡಿ, ದನಕ್ಕೂ ಹಾಕಬೇಡಿ. ಗೊಬ್ಬರದ ಗುಂಡಿಗೆ ಸುರಿಯಬಹುದು. ಇಟ್ಟುಕೊಳ್ಳುವುದಾದರೆ ಚಿಕ್ಕ ಬಾಟಲಿಯಲ್ಲಿ ತುಂಬಿ, ಕಪ್ಪು ಕಾಗದ ಸುತ್ತಿ, ಹೆಸರು ತಾರೀಖು ಬರೆದು ಫ್ರಿಜ್ಜಿನಲ್ಲಿಡಿ. ಒಂದೆರಡು ವಾರಕ್ಕೆ ಬೂಷ್ಟು ಬರುತ್ತದೆ, ಆಗ ಚೆಲ್ಲಿ. ಜೊತೆಗೆ ಹಸಿ ರಸದ ಬಾಟಲಿಯನ್ನೂ ಇಡಲು ಮರೆಯಬೇಡಿ.